ಹಿತ್ತಾಳೆ ಬಿಲ್ಲೆ

ಮಗೋಶಿಚಿಗೆ ಆ ಬಿಲ್ಲೆ ಬೇಕಾಗಿರಲಿಲ್ಲ. ಅವನು ಕೇಳಿಯೂ ಇರಲಿಲ್ಲ. ಬೆಳಗಿನ ಮಂಜಿನಲ್ಲಿ ತನ್ನ ಪಾಡಿಗೆ ಬಲೆ ಎಳೆಯುತ್ತಿದ್ದ. ಎರಡು ದಿನದಿಂದ ಜಪಾನಿನ ಉರಾಗಾ ಬಂದರಿನ ಎದುರು ಹೊಗೆ ಉಗುಳುತ್ತ ನಿಂತಿದ್ದ ಅಮೆರಿಕದ ನಾಲ್ಕು ಕರಿ ಹಡಗುಗಳ ಕಡೆಯಿಂದ ಒಂದು ಸಣ್ಣ ದೋಣಿ, ನೀರಿನ ಆಳ ಅಳೆಯುತ್ತ, ನೇರ ಅವನ ಪಕ್ಕಕ್ಕೇ ಬಂದುಬಿಟ್ಟಿತು. ಅದರಲ್ಲಿದ್ದ ಕೆಂಪು ಗಡ್ಡದ ನಾವಿಕನೊಬ್ಬ ನಕ್ಕ. ಅಷ್ಟು ದೊಡ್ಡ ಹಲ್ಲುಗಳನ್ನು ಕುದುರೆಯ ಬಾಯಲ್ಲಿ ಮಾತ್ರ ಕಂಡಿದ್ದ ಮಗೋಶಿಚಿ ಹೆದರಿ ಮೀನಿನ ಬುಟ್ಟಿಯನ್ನೇ ಅವನತ್ತ ನೂಕಿದ. ಗಡ್ಡದವನು ಎರಡು ಮೀನು ಆರಿಸಿಕೊಂಡು, ತನ್ನ ಕೋಟಿನಿಂದ ಒಂದು ಹಿತ್ತಾಳೆ ಗುಂಡಿ ಕಿತ್ತು ಇವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿ ಹೊರಟುಹೋದ.

ಕೋಟಿನ ಗುಂಡಿ ಎಂಬುದನ್ನು ಆ ಊರಿನಲ್ಲಿ ಯಾರೂ ಕಂಡವರಲ್ಲ. ಮನೆಯಲ್ಲಿ ಹೆಂಡತಿ ಒತಾಕಿ ಅದನ್ನು ಬೆಳಕಿಗೆ ಹಿಡಿದಳು. ರೆಕ್ಕೆ ಬಿಚ್ಚಿದ ಹಕ್ಕಿ. ಅದರ ಕಾಲಡಿಯಲ್ಲಿ ಲಂಗರು.

"ರೀ, ಇದು ಅವರ ದೇವರು ಕಣ್ರೀ," ಅಂದಳು ಮೆಲ್ಲಗೆ.

ಪರದೇಶದವರ ದೇವರನ್ನು ಮನೆಯಲ್ಲಿಟ್ಟುಕೊಂಡವನಿಗೆ ತಲೆದಂಡ. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಐದೈದು ಮನೆಗಳನ್ನು ಸೇರಿಸಿ ಸರ್ಕಾರ ಒಂದೊಂದು ಗುಂಪು ಕಟ್ಟಿತ್ತು. ಒಬ್ಬ ತಪ್ಪು ಮಾಡಿದರೆ ಐದೂ ಮನೆಗೆ ಶಿಕ್ಷೆ. ಹೀಗಾಗಿ ಪಕ್ಕದ ಮನೆಯವರು ಸೀನಿದರೂ ಯಾಕೆ ಸೀನಿದರೆಂದು ವಿಚಾರಿಸುವುದು ಅಲ್ಲಿ ಪ್ರಾಣ ಉಳಿಸಿಕೊಳ್ಳುವ ಕೆಲಸವೇ ಆಗಿತ್ತು.

ಮೊದಲು ಬಿಲ್ಲೆಯನ್ನು ಸೋಯಾ ಕಾಳು ಹುದುಗಿಸಿ ಮಾಡಿದ ಮಿಸೋದ ಭರಣಿಯ ತಳಕ್ಕೆ ತುರುಕಿದ. ಕೈ ತೊಳೆಯುವಷ್ಟರಲ್ಲಿ ಪಕ್ಕದ ಮನೆಯ ಕಿನು ಅಜ್ಜಿ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಂದು ಚಮಚ ಮಿಸೋ ಬೇಕಂತೆ. ಇಲ್ಲ ಅಂದ ಮಗೋಶಿಚಿ. ಭರಣಿ ತುಂಬಿ ತುಳುಕುತ್ತಿತ್ತು. ಅವನ ಮೊಣಕೈವರೆಗೂ ಮಿಸೋ ಮೆತ್ತಿತ್ತು. ಅಜ್ಜಿ ಭರಣಿ ನೋಡಿದಳು, ಮೊಣಕೈ ನೋಡಿದಳು, ಏನೂ ಅನ್ನದೆ ಹೋದಳು. ಅವಳು ಏನೂ ಅನ್ನದೆ ಹೋದದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು.

ಹೆದರಿದ ಮಗೋಶಿಚಿ ಹಿತ್ತಿಲಲ್ಲಿ ಗುಂಡಿ ತೋಡಿ ಗುಂಡಿಯನ್ನು ಹೂತ. ಪಕ್ಕದ ಬೇಲಿಯಾಚೆ ಪೀಪಾಯಿ ಕಟ್ಟುವ ಜಿನ್‌ಪೇ ಕೆಲಸ ಮಾಡುತ್ತಿದ್ದ. ಅವನ ನಾಯಿಗೆ ಮಿಸೋ ವಾಸನೆ ಹತ್ತಿತು. ಅದು ಬೇಲಿ ನುಸುಳಿ ಬಂದು ಮಣ್ಣು ಕೆದರಿ, ಪರದೇಶದ ದೇವರನ್ನು ಬಾಯಲ್ಲಿ ಕಚ್ಚಿಕೊಂಡು ಅಂಗಳವೆಲ್ಲ ಕುಣಿಯಿತು. ಮಗೋಶಿಚಿ ಅದರ ಹಿಂದೆ ಮೂರು ಸುತ್ತು ಓಡಿ, ದವಡೆ ಬಿಡಿಸಿ ಬಿಲ್ಲೆ ಕಿತ್ತುಕೊಂಡ.

"ನನ್ನ ನಾಯಿ ಬಾಯಿಗೆ ಯಾಕಣ್ಣ ಕೈ ಹಾಕ್ತೀಯ?" ಅಂತ ಜಿನ್‌ಪೇ ಕೇಳಿದ.

ಹಲ್ಲು ಎಷ್ಟಿವೆ ಅಂತ ನೋಡಿದೆ ಅಂದ ಮಗೋಶಿಚಿ. ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಜಿನ್‌ಪೇ ಸುತ್ತಿಗೆ ಕೆಳಗಿಟ್ಟ.

ಇನ್ನು ಸಮುದ್ರವೇ ಗತಿ ಎಂದುಕೊಂಡು ಮಗೋಶಿಚಿ ಬಂಡೆ ಹತ್ತಿದ. ಕೆಳಗೆ ನೀರು ಬುಸುಗುಟ್ಟುತ್ತಿತ್ತು. ದೂರದಲ್ಲಿ ಕರಿ ಹಡಗುಗಳ ಫಿರಂಗಿಗಳು ಒಂದೊಂದೂ ತನ್ನನ್ನೇ ನೋಡುತ್ತಿವೆ ಎನ್ನಿಸಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಸೊಂಟಕ್ಕೆ ಜೋತುಬಿದ್ದರು. ಜಿನ್‌ಪೇ.

"ಸಾಯಬೇಡಣ್ಣ. ನೀನು ಸತ್ತರೆ ಯಾಕೆ ಸತ್ತ ಅಂತ ನಮ್ಮನ್ನ ಕೇಳ್ತಾರೆ."

ಇಬ್ಬರೂ ಅಂಚಿನಲ್ಲಿ ಏಡಿಗಳ ಹಾಗೆ ಹೊರಳಾಡಿದರು. ಆ ಗದ್ದಲದಲ್ಲೇ ಮಗೋಶಿಚಿ ಕೈ ಬೀಸಿದ. ಬಿಲ್ಲೆ ಒಮ್ಮೆ ಮಿನುಗಿ ನೀರಿಗೆ ಬಿತ್ತು. ಅವನು ಬಂಡೆಯ ಮೇಲೆ ಅಂಗಾತ ಮಲಗಿ, ಬದುಕಿಕೊಂಡೆ ಅಂತ ಅತ್ತುಬಿಟ್ಟ. ತಾನೇ ಬದುಕಿಸಿದ್ದು ಅಂದುಕೊಂಡು ಜಿನ್‌ಪೇಯೂ ಕಣ್ಣೊರೆಸಿಕೊಂಡ.

ಮಧ್ಯಾಹ್ನ ಊರವರನ್ನು ಕರೆಯುವ ಗಂಟೆ ಮೊಳಗಿತು. ಮುಖಂಡನ ಅಂಗಳದಲ್ಲಿ ಎರಡು ಕತ್ತಿ ಸಿಕ್ಕಿಸಿಕೊಂಡ ಅಧಿಕಾರಿಯೊಬ್ಬ ಕುಳಿತಿದ್ದ. ಪರದೇಶದವರು ತೀರದ ಜನಕ್ಕೆ ಸಾಮಾನು ಹಂಚಿದ್ದಾರೆಂದು ತಿಳಿದುಬಂದಿದೆ, ಅವರಿಗೆ ಹೆದರಿ ತೆಗೆದುಕೊಂಡವರ ಮೇಲೆ ಸರ್ಕಾರಕ್ಕೆ ಕೋಪವಿಲ್ಲ ಎಂದು ಅವನು ಹೇಳಿದ. ಕೋಪವಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮುಂದಿನದಕ್ಕೆ ಕಾಯದೆ ಮಗೋಶಿಚಿ ಹೋಗಿ ಮಣ್ಣಿಗೆ ಹಣೆ ಹಚ್ಚಿದ. ಬೆಳಗಿನಿಂದ ಆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಕೊಂಡ.

"ಒಳ್ಳೇದು," ಅಂದ ಅಧಿಕಾರಿ. "ವಸ್ತು ಎಲ್ಲಿ? ತಂದೊಪ್ಪಿಸಿದವರಿಗೆ ಮಾತ್ರ ಕ್ಷಮೆ. ಎಲ್ಲಾನೂ ಹಡಗಿಗೆ ವಾಪಸ್ ಹೋಗಬೇಕು. ಇಟ್ಟುಕೊಂಡವನ ತಲೆ ಹೋಗುತ್ತೆ."

ಆಮೇಲೆ ಕಿನು ಅಜ್ಜಿ ನಡುಕಟ್ಟಿನೊಳಗಿಂದ ಒಂದು ಗಾಜಿನ ಸೀಸೆ ತೆಗೆದು ಮುಂದಿಟ್ಟಳು. ಜಿನ್‌ಪೇ ಅಂಗಿಯ ತೋಳಿನೊಳಗಿಂದ ಒಂದು ಬಿಸ್ಕತ್ತು ತೆಗೆದ. ಅದರ ಒಂದು ಮೂಲೆ ಕಚ್ಚಿದ್ದಾಗಿತ್ತು. ಮುಖಂಡ ಕೆಮ್ಮಿ, ಒಳಗೆ ಹೋಗಿ, ಒಂದೇ ಒಂದು ಕಾಲುಚೀಲ ತಂದಿಟ್ಟ. ಅರ್ಧ ಊರೇ ಸಾಲುಗಟ್ಟಿತು. ಎಲ್ಲರೂ ಇಸಕೊಂಡಿದ್ದರು, ಎಲ್ಲರೂ ಬಚ್ಚಿಟ್ಟಿದ್ದರು. ಸಮುದ್ರಕ್ಕೆ ಎಸೆಯುವಷ್ಟು ಹೆದರಿದವನು ಮಗೋಶಿಚಿ ಒಬ್ಬನೇ.

"ಎಸೆದೆ ಅಂತ ಎಲ್ಲ ಕಳ್ಳರೂ ಹೇಳ್ತಾರೆ," ಅಂದ ಅಧಿಕಾರಿ. "ಸಂಜೆಯೊಳಗೆ ತಂದಿಡು. ಇಲ್ಲದಿದ್ದರೆ ನಿನ್ನ ಗುಂಪಿನ ಐದು ಮನೆ."

ಐದು ಮನೆ ಎಂದಾಗ ಜಿನ್‌ಪೇಗೆ ಬುದ್ಧಿ ಓಡಿತು. ಅವನು ಕೈಮುಗಿದು, ಆ ಪರದೇಶದವರ ಎದೆಯ ಮೇಲೆ ಅಂಥ ಬಿಲ್ಲೆಗಳು ಸಾಲುಸಾಲಾಗಿ ಇರುತ್ತವೆ, ಇವನು ಹೋಗಿ ಇನ್ನೊಂದು ಕೇಳಿ ತರಬಹುದು ಎಂದು ಸೂಚಿಸಿದ. ಹಡಗಿನ ಹತ್ತಿರ ಹೋಗುವುದಕ್ಕೂ ತಲೆದಂಡವೇ ಎಂದು ಮಗೋಶಿಚಿ ತೊದಲಿದ. ಅಧಿಕಾರಿ ಬಹಳ ಹೊತ್ತು ಯೋಚಿಸಿ, ಸಂಜೆಯವರೆಗೆ ತಾನು ಗುಡ್ಡದ ಕಡೆ ತಿರುಗಿ ಕುಳಿತಿರುವುದಾಗಿ ತಿಳಿಸಿದ.

ನೆರೆಯವರು ಮಗೋಶಿಚಿಯನ್ನು ತೋಳು ಹಿಡಿದು ದೋಣಿಯಲ್ಲಿ ಕೂರಿಸಿದರು. ಒತಾಕಿ ಅವನ ಹೆಗಲು ಮುಟ್ಟಿದಳು. ಹುಟ್ಟು ಹಾಕುವ ಕೈ ತನ್ನದಲ್ಲ ಎಂಬಂತೆ ಅವನು ಹೊರಟ. ಹತ್ತಿರವಾದಷ್ಟೂ ಕರಿ ಹಡಗು ಬೆಟ್ಟದ ಹಾಗೆ ಬೆಳೆಯಿತು. ಮೇಲೆ ಯಾರೋ ಕೂಗಿದರು. ಅಂಚಿನುದ್ದಕ್ಕೂ ಬಂದೂಕುಗಳು ಕೆಳಗೆ ಬಾಗಿದವು. ಮಗೋಶಿಚಿ ದೋಣಿಯಲ್ಲಿ ಎದ್ದು ನಿಂತು, ಒಂದು ಬೆರಳನ್ನು ಎತ್ತಿ ತನ್ನ ಎದೆಯ ಮೇಲೆ ಮೇಲಿನಿಂದ ಕೆಳಗೆ ಸುತ್ತುಸುತ್ತು ಬಿಲ್ಲೆ ಬರೆಯತೊಡಗಿದ.

ದಂಡೆಯಲ್ಲಿ ಅಧಿಕಾರಿ, ಕೊಟ್ಟ ಮಾತಿನಂತೆ, ಗುಡ್ಡವನ್ನೇ ನೋಡುತ್ತಿದ್ದ. ಆಗಾಗ ಮಾತ್ರ ಕತ್ತು ಹೊರಳಿಸದೆ ಜಿನ್‌ಪೇಯನ್ನು ಕೇಳುತ್ತಿದ್ದ:

"ಏನಯ್ಯ, ಇನ್ನೂ ಗುಂಡು ಹಾರಿಸಿಲ್ಲವೇ?"