ಕವಳ ಹಾಕಿದ ಲ್ಯಾಪ್‌ಟಾಪು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಂಡರೆ ಆಯಿತಪ್ಪ, ಅದರಲ್ಲೇನು ಕಷ್ಟ ಎನ್ನುವವರನ್ನು ನಾನು ಬಹಳ ನೋಡಿದ್ದೇನೆ. ಅವರ್ಯಾರೂ ಮಾಸ್ತರಿಕೆ ಮಾಡಿದವರಲ್ಲ. ಸಿದ್ದಾಪುರದ ಹೈಸ್ಕೂಲೊಂದರಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದ ಮೇಲೆ ಆ ಮಾತು ನನ್ನ ಬಾಯಿಂದ ಹೊರಡುವುದೇ ನಿಂತುಹೋಗಿದೆ. ಒಮ್ಮೆ ಯಲ್ಲಾಪುರದಲ್ಲಿ ಯಾರೋ ಒಬ್ಬರು ಒಂದು ಮನೆಗೆ ದಾರಿ ಕೇಳಿದರು. ಆ ಮನೆಯ ಹೆಸರನ್ನೇ ನಾನು ಕೇಳಿರಲಿಲ್ಲ. ಆದರೂ "ನೇರ ಹೋಗಿ ಎಡಕ್ಕೆ ತಿರುಗಿ" ಎಂದೆ. ಪಾಪ, ಎಲ್ಲಿಗೆ ಹೋಗಿ ಮುಟ್ಟಿದರೋ. ಈ ಚಾಳಿಯಿಂದ ಬೇರೆಯವರಿಗಾದ ತೊಂದರೆಗಳಲ್ಲಿ ಹೆಚ್ಚಿನವನ್ನು ಈಗ ನೆನೆದು ನಗಬಹುದು. ಒಂದನ್ನು ನೆನೆದು ಮಾತ್ರ ಪೂರ್ತಿ ನಗಲಾಗುವುದಿಲ್ಲ. ಅದನ್ನು ಇವತ್ತು ಹೇಳಿಬಿಡುತ್ತೇನೆ.

ನನ್ನ ಅಕ್ಕ ಗೌರಿಯ ಗಂಡ, ಅಂದರೆ ನನ್ನ ಭಾವ, ಸಿರಸಿ ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಬಸ್ಸು ಕೂಗುವ ಕೆಲಸದಲ್ಲಿದ್ದ. (ಹಿರಿಯನಾದರೂ ಏಕವಚನವೇ. ನಮ್ಮಲ್ಲಿ ಭಾವನಿಗೆ ಬಹುವಚನ ಹಚ್ಚಿದರೆ ಇಬ್ಬರಿಗೂ ಮಾತು ಬಿಟ್ಟಿದೆಯೇನೋ ಎಂದು ಊರು ಅನುಮಾನಿಸುತ್ತದೆ.) "ಪ್ರಯಾಣಿಕರ ಗಮನಕ್ಕೆ" ಎಂದು ಅವನು ಶುರು ಮಾಡಿದನೆಂದರೆ ಕ್ಯಾಂಟೀನಿನಲ್ಲಿ ಬನ್ಸ್ ಮುರಿಯುತ್ತಿದ್ದವರ ಕೈ ಅಲ್ಲೇ ನಿಲ್ಲುತ್ತಿತ್ತು. ಹೆಗ್ಗರಣೆ ಎಂಬ ಹೆಸರನ್ನು ಅವನು ಎಳೆಯುವ ಚಂದಕ್ಕೆ, ಬೇರೆಲ್ಲಿಗೋ ಹೋಗಬೇಕಾದವರಿಗೂ ಒಮ್ಮೆ ಹೆಗ್ಗರಣೆಗೆ ಹೋಗಿಬರೋಣ ಅನಿಸಬೇಕು. ಒಂದು ಕೂಗಿಗೂ ಇನ್ನೊಂದು ಕೂಗಿಗೂ ನಡುವೆ ಬಾಯಲ್ಲಿ ಕವಳ. ಎಲೆ, ಅಡಿಕೆ, ಸುಣ್ಣ, ಮೇಲಿಂದ ಧಾರಾಳವಾಗಿ ತಂಬಾಕು. ಆ ಹೊತ್ತಿನಲ್ಲಿ ಯಾರಾದರೂ ಕಿಟಕಿಗೆ ಬಂದು "ಬನವಾಸಿ ಬಸ್ಸು ಹೋತಾ?" ಎಂದು ಕೇಳಿದರೆ, ಬಾಯಿ ತೆರೆದರೆ ರಸ ಇಳಿಯುತ್ತದಲ್ಲ, ಗದ್ದ ಮೇಲೆತ್ತಿ "ಮ್ಮ್ ಮ್ಮ್" ಎನ್ನುತ್ತಿದ್ದ. ನಮ್ಮ ಕಡೆ ಅದಕ್ಕೆ ಹೌದು ಎಂದೇ ಅರ್ಥ. ಎಷ್ಟೋ ಮದುವೆಗಳು ಇಂಥ ಮ್ಮ್ ಮ್ಮ್ ಮೇಲೆಯೇ ನಿಶ್ಚಯವಾಗಿವೆ. ನಿವೃತ್ತನಾದ ಮರುವರ್ಷ ಭಾವನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಹುಬ್ಬಳ್ಳಿಯ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ.

ಆಪರೇಷನ್ನಿಗೆ ಹೊರಡುವ ಹಿಂದಿನ ಮಧ್ಯಾಹ್ನ ಅಕ್ಕ ನನ್ನನ್ನು ಬದಿಗೆ ಕರೆದಳು. "ತಮಾ, ನಿನ್ನ ಕಂಪ್ಯೂಟರಲ್ಲಿ ಭಾವನ ದನಿ ಹಿಡ್ದು ಇಡಲೆ ಆಗ್ತಾ?"

"ಆಗ್ದೇ ಎಂತ?" ಎಂದೆ. ನೋಡಿ, ಅದೇ ಚಾಳಿ.

ಅಕ್ಕ ಸೆರಗಿನ ತುದಿ ಸುತ್ತುತ್ತ ಇನ್ನೊಂದು ಮಾತು ಸೇರಿಸಿದಳು. "ಬಸ್ಸಿಂದು ಎಂತಾದ್ರೂ ಕೂಗ್ಲಿ. ಕಡೀಗೆ ಒಂದ್ಸಲ ನನ್ನ ಹೆಸ್ರು ಹಿಡ್ದು ಕರೀಲಿ. ಮೂವತ್ತೆರಡು ವರ್ಷಾತು, ಇಷ್ಟೊತ್ನವರೆಗೂ ಕರದ್ದಿಲ್ಲೆ." ಕರೆದಿಲ್ಲ ಎಂಬುದು ನಿಜ. ಆ ಕಾಲದ ಗಂಡಸರು ಹೆಂಡತಿಯನ್ನು "ಇದೇ, ಕೇಳ್ತಾ?" ಎಂದು ಕರೆದೇ ಆಯುಷ್ಯ ಮುಗಿಸುತ್ತಾರೆ. ಊರೂರಿನ ಹೆಸರನ್ನು ದಿನಕ್ಕೆ ನೂರು ಸಲ ಮೈಕಿನಲ್ಲಿ ಕೂಗಿದವನು ಮನೆಯಲ್ಲಿ ಈ ಎರಡಕ್ಷರ ಹೇಳಿರಲಿಲ್ಲ. ಹೇಳು ಎಂದಾಗ ಭಾವ ಕಿವಿಯವರೆಗೂ ಕೆಂಪಾದ, ಆದರೂ ಒಪ್ಪಿದ. ಹೇಳುವಾಗ ತಾನು ಎದುರಿಗೆ ಇರಲಾರೆ ಎಂದು ಅಕ್ಕ ನಾಚಿ ಹಿತ್ತಲಿಗೆ ಹೋದಳು. ನಾನು ಮುಕ್ಕಾಲು ಗಂಟೆ ರೆಕಾರ್ಡ್ ಮಾಡಿದೆ. ಮುಗಿದ ಮೇಲೆ ಮೊದಲ ಒಂದೆರಡು ಕ್ಷಣ ಮಾತ್ರ ಹಾಕಿ ನೋಡಿದೆ. "ಪ್ರಯಾಣಿ" ಎಂದು ಕೇಳಿಸಿತು. "ಫಸ್ಟ್ ಕ್ಲಾಸ್! ದನಿ ಚೊಲೋ ಬೈಂದು" ಎಂದು, ಚೆನ್ನಾಗಿ ಬಂದಿದೆಯೆಂಬ ಭರವಸೆಯಲ್ಲಿ ಮುಚ್ಚಿಟ್ಟೆ.

ಭಾವ ಹುಬ್ಬಳ್ಳಿಯಲ್ಲಿ ಮಲಗಿದ್ದಾಗ ಇಲ್ಲಿ ಇಸಳೂರಿನ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪಿಗೂ ಕಾಯಿಲೆ ಬಂತು. ವೈರಸ್ಸು. ಎರಡು ಸಾವಿರದ ಐದಾರರ ಸುಮಾರಿನ ಮಾತು. ಆಗ ಕಂಪ್ಯೂಟರ್ ಪತ್ರಿಕೆಗಳ ಜೊತೆ, ವಿಂಡೋಸಿನ ಬದಲಿಗೆ ಹಾಕಿಕೊಳ್ಳಬಹುದಾದ ಲಿನಕ್ಸಿನ ಸೀಡಿ ಪುಕ್ಕಟೆ ಬರುತ್ತಿತ್ತು. ರೆಕಾರ್ಡಿಂಗನ್ನು ಡಿಸ್ಕಿನ ಬೇರೆ ಭಾಗದಲ್ಲಿ ಜೋಪಾನ ಮಾಡಿ, ವಿಂಡೋಸನ್ನು ಒರೆಸಿ, ನಾನೇ ಸ್ವತಃ ಲಿನಕ್ಸ್ ಹಾಕಿದೆ. ಸಹೋದ್ಯೋಗಿಗಳಿಗೆ ಮೂರು ದಿನ ಸ್ವತಂತ್ರ ತಂತ್ರಾಂಶದ ಮೇಲೆ ಭಾಷಣ ಕೊಟ್ಟೆ. ನಾಲ್ಕನೆಯ ದಿನ ಡ್ರಾಯಿಂಗ್ ಮಾಸ್ತರರು, "ಸರ್, ಇದರಲ್ಲಿ ಹಾಡು ಕೇಳಲಾಗುತ್ತದೆಯೇ?" ಎಂದರು. ಹಾಡು ಹಾಕಿದೆ. ಪರದೆಯ ಮೇಲೆ ಹಾಡು ಓಡುತ್ತಿತ್ತು, ಸಮಯ ಸರಿಯುತ್ತಿತ್ತು, ಶಬ್ದ ಮಾತ್ರ ಇಲ್ಲ. ಯಂತ್ರ ಮೂಕವಾಗಿತ್ತು. ಹುಬ್ಬಳ್ಳಿಯಲ್ಲಿ ಭಾವನೂ ಅಷ್ಟೊತ್ತಿಗೆ ಮೂಕನಾಗಿದ್ದ.

ಅಕ್ಕನಿಗೆ ಕಾರಣ ಹೇಳಬೇಕಲ್ಲ. "ಸೌಂಡಿನ ಡ್ರೈವರ್ ತೊಂದ್ರೆ ಕೊಡ್ತಾ ಇದ್ದು ಅಕ್ಕಾ" ಎಂದೆ.

"ಡ್ರೈವರ್ ಬರದೇ ಹೋದ್ರೆ ಬಸ್ಸು ಕ್ಯಾನ್ಸಲ್ ಹೇಳಿ ನಿನ್ನ ಭಾವನೇ ಎಷ್ಟ್ ಸಲ ಕೂಗಿದ್ದ. ಇದೂ ಹಂಗೇ ಆತನಾ?" ಎಂದಳು.

ಆ ಮೇಲಿನ ಐದು ವಾರ ನನ್ನ ಬಾಳು ಬಾಳಲ್ಲ. ಪೇಟೆಯ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಯಾವ್ಯಾವುದೋ ದೇಶದವರು ಬರೆದ ಪರಿಹಾರಗಳನ್ನು ಇನ್ನೂರು ಪುಟದ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಮನೆಗೆ ಬಂದು ಒಂದೊಂದೇ ಅಕ್ಷರ ಕುಟ್ಟಿದೆ. ಒಂದು ಪರಿಹಾರಕ್ಕೆ ಪರದೆ ತಲೆಕೆಳಗಾಯಿತು, ಇನ್ನೊಂದಕ್ಕೆ ಕೀಬೋರ್ಡು ಸತ್ತಿತು. ಕಡೆಗೆ ಶಬ್ದವನ್ನು ಏರಿಸಿ ಇಳಿಸುವ ಒಂದು ಕಪ್ಪು ಪರದೆ ಸಿಕ್ಕಿತು. ಥರ್ಮಾಮೀಟರುಗಳನ್ನು ಸಾಲಾಗಿ ನಿಲ್ಲಿಸಿದ ಹಾಗೆ ಏಳೆಂಟು ಕಂಬಗಳು, ಒಂದೊಂದರ ಬುಡದಲ್ಲೂ ಒಂದು ಪುಟ್ಟ ಚೌಕ. ಕೆಲವು ಚೌಕಗಳಲ್ಲಿ ಎರಡು ಇಂಗ್ಲಿಷ್ ಎಂ, ಕೆಲವುಗಳಲ್ಲಿ ಎರಡು ಸೊನ್ನೆ. ವಿಜ್ಞಾನದ ಮಾಸ್ತರನಿಗೆ ಸೊನ್ನೆಯ ಅರ್ಥ ಯಾರಾದರೂ ಹೇಳಿಕೊಡಬೇಕೇ? ಏನೂ ಇಲ್ಲ ಎಂದು. ಎರಡು ಎಂ ಎಂದರೆ? ಅದನ್ನೂ ನಾನು ಯಾರನ್ನೂ ಕೇಳಲಿಲ್ಲ. ಕೂಡಿಸಿ ಓದಿದರೆ ಮ್ಮ್. ನಮ್ಮ ಕಡೆ ಹುಟ್ಟಿದ ಯಾವನೇ ಆದರೂ ಅದನ್ನು ಹೌದು ಎಂದಲ್ಲದೆ ಬೇರೆ ಥರ ಹೇಗೆ ಓದಿಯಾನು? ಎಂ ಗುಂಡಿ ಒತ್ತಿದರೆ ಸೊನ್ನೆ ಹೋಗಿ ಮ್ಮ್ ಬರುತ್ತಿತ್ತು. ಒಂದೂ ಸೊನ್ನೆ ಉಳಿಯದಂತೆ ಎಲ್ಲ ಚೌಕಗಳಿಂದಲೂ ಮ್ಮ್ ಅನಿಸಿದೆ. ಕಂಬಗಳನ್ನು ತುದಿಯವರೆಗೂ ಏರಿಸಿದೆ. ಆದರೂ ಶಬ್ದವಿಲ್ಲ. ಎಲ್ಲದಕ್ಕೂ ಹೌದೆಂದು ಏನನ್ನೂ ಮಾಡದ ಗುಮಾಸ್ತರನ್ನು ನಾನು ನೋಡಿದ್ದೆ, ಯಂತ್ರವೂ ಹಾಗಿರಬಹುದೆಂದು ತಿಳಿದಿರಲಿಲ್ಲ.

ಅಷ್ಟರಲ್ಲಿ ಭಾವ ಮನೆಗೆ ಬಂದಿದ್ದ. ಕುತ್ತಿಗೆಗೆ ಬಿಳಿ ಬಟ್ಟೆ, ಕೈಯಲ್ಲಿ ಶಾಲೆಯ ಪಾಟಿ ಮತ್ತು ಕಡ್ಡಿ. ಹೇಳಬೇಕಾದ್ದನ್ನೆಲ್ಲ ಪಾಟಿಯ ಮೇಲೆ ಬರೆಯುತ್ತಿದ್ದ. ಒಂದು ದಿನ ಅವನನ್ನು ನೋಡಲು ಹೋದಾಗ ಅಕ್ಕ ಮೆಲ್ಲಗೆ ಕೇಳಿದಳು. "ಅದೆಂತೋ ಪೆನ್ನಲ್ಲಿ ತುಂಬ್ಕಂಡು ಪೇಟೆಲ್ಲಿ ಬೇರೆ ಕಂಪ್ಯೂಟರಲ್ಲಿ ಕೇಳಲೆ ಆಗ್ತಿಲ್ಯಾ ತಮಾ?"

ಆಗುತ್ತಿತ್ತು. ಹತ್ತು ನಿಮಿಷದ ಕೆಲಸ. ಆದರೆ ಬ್ರೌಸಿಂಗ್ ಸೆಂಟರಿನವನ ಎದುರು ಐದು ವಾರ ಲಿನಕ್ಸಿನ ಗುಣಗಾನ ಮಾಡಿ, ಈಗ ಅವನ ವಿಂಡೋಸಿಗೆ ಕೈಯೊಡ್ಡುವುದೇ? "ಹಾಂಗೆಲ್ಲ ಮಾಡಿದ್ರೆ ದನಿ ಹಾಳಾಗ್ತು" ಎಂದುಬಿಟ್ಟೆ. ಅಕ್ಕ ನಂಬಿದಳು. ತಮ್ಮ ಮಾಸ್ತರನಲ್ಲವೇ? ಹೊರಡುವಾಗ ಭಾವ ಪಾಟಿ ನನ್ನ ಕಡೆ ತಿರುಗಿಸಿದ. "ಪೇಪರ್ ಓದಕಾರೆ ಮೊದ್ಲು ತಲೆಯೊಳಗೆ ನನ್ನ ದನಿಯೇ ಕೇಳ್ತಿತ್ತು. ಈಗ ಯಾರದ್ದೋ ಕೇಳ್ತು" ಎಂದು ಬರೆದಿದ್ದ. ಎರಡು ಸಲ ಓದಿದೆ. ಆದರೂ ಪೆನ್ ಡ್ರೈವ್ ಹುಡುಕಲಿಲ್ಲ ನೋಡಿ. ಈ ಜನ್ಮಕ್ಕೆ ನಾನು ಇಷ್ಟೇ.

ಮುಂದಿನ ಭಾನುವಾರ ಅಕ್ಕ ಭಾವ ಇಬ್ಬರೂ ನಮ್ಮ ಮನೆಗೇ ಬಂದರು. ಯಂತ್ರವನ್ನು ಮುಂದಿಟ್ಟುಕೊಂಡು ನನ್ನ ತಪ್ಪೇನೂ ಇಲ್ಲವೆಂದು ಭಾವನಿಗೆ ವಿವರಿಸಿದೆ. "ಇಲ್ನೋಡು ಭಾವಾ, ಆನು ಮಾಡಿದ್ದೆಲ್ಲ ಸರಿ ಇದ್ದು. ಎಲ್ಲದೂ ಮ್ಮ್ ಮ್ಮ್ ಅಂತಾ ಇದ್ದು. ಆದ್ರೂ ಮಾತಾಡ್ತಿಲ್ಲೆ."

ಭಾವ ಕನ್ನಡಕ ಏರಿಸಿಕೊಂಡು ಪರದೆಯನ್ನು ತುಸು ಹೊತ್ತು ನೋಡಿದ. ಪಾಟಿ ತೆಗೆದುಕೊಂಡು ಬರೆದ. "ಮ್ಮ್ ಅಂಬವನ ಬಾಯಲ್ಲಿ ಕವಳ ಇರ್ತು ಮಾರಾಯಾ. ಅಂವ ಹೆಂಗೆ ಮಾತಾಡ್ತ? ಮೊದ್ಲು ಉಗಿಸು."

ಅವಮಾನದಿಂದ ಬೆವರುತ್ತ ಮೊದಲ ಕಂಬದ ಮೇಲೆ ಎಂ ಒತ್ತಿದೆ. ಸೊನ್ನೆ ಬಂತು. ಎರಡನೆಯದಕ್ಕೂ ಒತ್ತಿದೆ. ಲ್ಯಾಪ್‌ಟಾಪು ಗಂಟಲು ಸರಿಮಾಡಿಕೊಂಡಂತೆ ಟಕ್ ಎಂದಿತು. ಎಂ ಎಂದರೆ ಮ್ಯೂಟ್; ಎರಡೆರಡು ಎಂ ಹಾಕಿ ಬಾಯಿ ಮುಚ್ಚಿಸಿದವನು ನಾನೇ. ಅಕ್ಕ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ರೆಕಾರ್ಡಿಂಗ್ ಹಾಕಿದೆ.

"ಪ್ರಯಾಣಿಕರ ಗಮನಕ್ಕೆ. ದಾಸನಕೊಪ್ಪ ಮಾರ್ಗವಾಗಿ ಬನ..."

"ತಡಿ ಭಾವಾ, ತಡಿ! ಮೈಕು ದೂರ ಆತು."

ಆ ಎರಡನೆಯ ದನಿ ನನ್ನದು. ಮುಂದೆಯೂ ಅದೇ. ಮೈಕನ್ನು ಹೇಗೆ ಹಿಡಿಯಬೇಕು, ಶಬ್ದದ ಅಲೆ ಎಂದರೇನು, ಅದು ಯಂತ್ರದೊಳಗೆ ಹೇಗೆ ಅಂಕಿಗಳಾಗುತ್ತದೆ ಎಂದು ಎಂಟನೇ ಕ್ಲಾಸಿನ ಪಾಠ. ನಡುನಡುವೆ ಭಾವ "ಹೆಗ್ಗ" ಎನ್ನುತ್ತಾನೆ, ನಾನು ಬಾಯಿ ಹಾಕುತ್ತೇನೆ. ಮುಂದಕ್ಕೆ ಓಡಿಸೋಣವೆಂದರೆ ಅಕ್ಕ ಬೇಡವೆಂದಳು. ಮುಕ್ಕಾಲು ಗಂಟೆಯನ್ನೂ ಕೂತು ಕೇಳಿದೆವು. ಕೊನೆಗೆ ಭಾವನ ಕೆಮ್ಮು ಕೇಳಿಸಿತು, ಆಮೇಲೆ ಬಹಳ ಮೆತ್ತಗೆ, "ಗೌ..."

"ಹಾಂಗಲ್ಲ ಭಾವಾ! ಸಹಜವಾಗಿ ಕರೆಯವು. ನಾಟಕ ಅನ್ನಿಸ್ಲಾಗ."

"ಆತು ಬಿಡು ತಮಾ. ಸಾಕು."

ಭಾವನ ಆ ಮಾತಿಗೆ ರೆಕಾರ್ಡಿಂಗ್ ಮುಗಿದಿತ್ತು. ನಾನು ತಲೆ ಎತ್ತಲಿಲ್ಲ. "ಆ ಗೌ ಹೇಳಿದ್ದು ಮತ್ತೊಂದ್ಸಲ ಹಾಕು" ಎಂದಳು ಅಕ್ಕ. ಹಾಕಿದೆ. ಇನ್ನೂ ಒಂದು ಸಲ ಎಂದಳು. ಅದನ್ನೂ ಹಾಕಿದೆ. ಅವಳು ಕಣ್ಣೊರೆಸಿಕೊಂಡು ಎದ್ದು ಒಳಗೆ ಹೋದಳು.

ಭಾವ ಪಾಟಿಯನ್ನು ಪಂಚೆಯ ಅಂಚಿನಿಂದ ನಿಧಾನಕ್ಕೆ ಒರೆಸಿದ. ಏನೋ ಬರೆದು, ಮಾಸ್ತರಿಗೆ ಲೆಕ್ಕ ತೋರಿಸುವ ಹುಡುಗನಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದ.

"ನಿನ್ನ ದನಿ ಚೊಲೋ ಬೈಂದು."