ಕೊಂಡಿ ಹಾಕಿದ ತಲೆಬುರುಡೆ

“ಇಳಕಲ್ಲಿಗೆ ಹೀಂಗ ಹೋಗಬೇಕೇನ್ರಿ?” ಗುಡೂರಿನ ಹೊರಗೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಅಜ್ಜನನ್ನು ಕೇಳಿದೆ.

“ಹೋಗಬಹುದವಾ. ಬಾದಾಮಿ, ಪುಣೆ ಎಲ್ಲಾ ನೋಡ್ಕೊಂಡು ಹೋಗಬೇಕಾಗ್ತೈತಿ, ಅಷ್ಟ.”

ನಾಲ್ಕು ರಾಜ್ಯಗಳ ನೀರು ಕುಡಿದವಳು ನಾನು. ದಾರಿ ತಪ್ಪಿದಲ್ಲೆಲ್ಲ ನಗುವಂಥದ್ದೊಂದು ನನಗಾಗಿಯೇ ಕಾದು ಕೂತಿರುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಬಾಗಲಕೋಟೆಯಲ್ಲಿ ನರ್ಸ್ ತರಬೇತಿಯ ಹುಡುಗಿಯರಿಗೆ ಎಲುಬಿನ ಪಾಠ ಹೇಳುತ್ತಿದ್ದೆ. ಇಳಕಲ್ಲಿನ ನೇಕಾರರ ಮಗಳೊಬ್ಬಳು ಮೌಖಿಕ ಪರೀಕ್ಷೆಯಲ್ಲಿ ಎರಡು ಸಲ ಬಿದ್ದು, ಮಗ್ಗವೇ ಸಾಕೆಂದು ಮನೆ ಸೇರಿದ್ದಳು. ಮೂರನೆಯದೇ ಕಡೆಯ ಅವಕಾಶ. ತಪ್ಪಿದರೆ ನೌಕರಿಯ ಆಸೆ ಅಲ್ಲಿಗೇ ಮುಗಿಯಿತು. ಅವಳನ್ನು ಕರೆತರಲು, ಪಾಠದ ತಲೆಬುರುಡೆಯನ್ನು ಚೀಲದಲ್ಲಿಟ್ಟುಕೊಂಡು ಹೊರಟಿದ್ದೆ.

೧. ಸೀಟು

ಅಜ್ಜ ತೋರಿಸಿದ ಬಸ್ಸು ಹತ್ತಿ, ಚೀಲವನ್ನು ಪಕ್ಕದ ಸೀಟಿನಲ್ಲಿಟ್ಟೆ.

“ಏನೈತ್ರಿ ಅದರಾಗ?” ಕಂಡಕ್ಟರ್ ಕೇಳಿದ.

“ಮನಷ್ಯಾನ ತಲಿಬುರುಡಿ.”

ಅವನು ಬೆಚ್ಚಲಿಲ್ಲ. “ಹಂಗಾರ ತೊಡಿ ಮ್ಯಾಲ ಇಟ್ಕೋರಿ. ಸೀಟು ಉಸರಾಡೋ ಮಂದಿಗೆ.”

೨. ಅವ್ವನ ತಪಾಸಣೆ

ಹುಡುಗಿ ಮಗ್ಗದಿಂದ ಏಳಲೇ ಇಲ್ಲ. “ಆ ಎಲುಬಿನ ಹೆಸರು ನನ್ನ ಬಾಯಾಗ ನಿಲ್ಲೂದಿಲ್ರಿ, ಬಾಯಾರ.”

ಅವಳ ಅವ್ವ ಬುರುಡೆಯನ್ನು ತೆಂಗಿನಕಾಯಿಯಂತೆ ಎತ್ತಿಕೊಂಡು, ನೆತ್ತಿಯ ಮೇಲಿನ ಅಂಕುಡೊಂಕು ಗೆರೆಯನ್ನು ಬೆರಳಿನಿಂದ ಸವರಿದಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ.

“ಇದೂ ಕೊಂಡೀನ. ಎಳದ್ರ ಸೀರಿ ಹರೀಬೇಕು, ಕೊಂಡಿ ಬಿಚ್ಚಬಾರದು.”

“ಮೊದಲನೇ ಸಲ ನಾನೂ ಹಂಗ ಹೇಳಿದ್ನಿ, ಅವ್ವಾ. ಫೇಲ್ ಮಾಡಿದ್ರು. ಎರಡನೇ ಸಲ ಅಂಜಿ ಬಾಯೇ ಬಿಡಲಿಲ್ಲ.”

“ಯಾವ ಶಾಣ್ಯಾ ಅವ, ಫೇಲ್ ಮಾಡಿದಂವ?”

ಆ ಶಾಣ್ಯಾಕಿ ನಾನೇ. ಆ ಗೆರೆಗೆ ಪುಸ್ತಕದಲ್ಲಿದ್ದ ‘ಸೀವನಿ’ ಎಂಬ ಹೆಸರು ಬರಲಿಲ್ಲವೆಂದು ಸೊನ್ನೆ ಹಾಕಿದ್ದೆ. ಹುಡುಗಿ ನನ್ನ ಹೆಸರು ಹೇಳಲಿಲ್ಲ. ನಾನು ಚಹಾದ ಬಟ್ಟಲನ್ನು, ಖಾಲಿಯಾದ ಮೇಲೂ, ಮುಖದಿಂದ ಇಳಿಸಲಿಲ್ಲ.

೩. ಸಾಹೇಬರ ಹಲ್ಲು

ಅವ್ವನ ಒತ್ತಾಯಕ್ಕೆ ಹುಡುಗಿ ಅಂತೂ ಪರೀಕ್ಷೆಗೆ ಬಂದಳು. ಈ ಸಲ ಪರೀಕ್ಷಕರು ಹುಬ್ಬಳ್ಳಿಯ ಒಬ್ಬ ಹಿರಿಯ ಡಾಕ್ಟರು. ಮಾತಿಗೊಮ್ಮೆ ಕಟ್ಟಿಸಿದ ಹಲ್ಲು ಕಟಕಟ ಅನ್ನುತ್ತಿತ್ತು. ಅಂಕಪಟ್ಟಿ ಹಿಡಿದು ನಾನು ಪಕ್ಕದಲ್ಲಿ.

“ಬುರುಡ್ಯಾಗಿಂದು ಯಾವ ಸಂಧಿ, ತಂಗಿ?”

“ಅಚಲ ಸಂಧಿರಿ. ಕೊಂಡಿ ಹಾಕಿದಂಗ ಕೂಡಿರ್ತಾವು.”

“ಅಲಗಾಡೂದಿಲ್ಲಂದ್ರ, ಹಡಿಯೂ ಮುಂದ ಕೂಸಿನ ತಲಿ ಹೊರಗ ಹೆಂಗ ಬರ್ತದ?”

“ಕೂಸಿಂದು ಇನ್ನೂ ಸಡಲ ಇರ್ತಾವ್ರಿ. ಬೆಳದಂಗ ಬಿಗೀತಾವು.”

“ಆ ಜೋಡಣಿಗೆ ಹೆಸರು?”

ಹುಡುಗಿ ಬುರುಡೆಯ ಗೆರೆಯ ಮೇಲೆ ಬೆರಳಿಟ್ಟು ನನ್ನತ್ತ ನೋಡಿದಳು. ಮತ್ತೆ ಅದೇ ಗುಂಡಿ.

“ಸಾಹೇಬ್ರ,” ಎಂದೆ, “ಇದ ಉತ್ತರಕ್ಕ ಮೊದಲನೇ ಸಲ ಸೊನ್ನಿ ಹಾಕಿದಾಕಿ ನಾನು. ನನಗ ಹೆಸರಷ್ಟ ಗೊತ್ತಿತ್ತು, ಆಕೀಗೆ ಜೋಡಣಿ ಗೊತ್ತಿತ್ತು. ತಪ್ಪು ನಂದು.”

ಡಾಕ್ಟರು ಇಬ್ಬರನ್ನೂ ನೋಡಿದರು. “ಆತು. ಅಚಲ ಸಂಧಿ ಇನ್ನೊಂದ ಕಡೆ ಎಲ್ಲೈತಿ, ಅದನ್ನ ಹೇಳು.”

“ದವಡ್ಯಾಗ ಹಲ್ಲು ನಟ್ಟಿರ್ತಾವಲ್ರಿ, ಅದು.” ಅವರ ಬಾಯಿಯನ್ನೇ ನೋಡುತ್ತ, ಸುಳ್ಳು ಹೇಳಲಾರದೆ ಸೇರಿಸಿದಳು: “ನಿಮ್ಮವನ್ನ ಬಿಟ್ಟು, ರೀ.”

ಡಾಕ್ಟರು ನಕ್ಕ ರಭಸಕ್ಕೆ ಮೇಲಿನ ಸಾಲು ಪೂರ್ತಿ ಅವರ ಅಂಗೈಗೇ ಬಂತು. ಮಾತಾಡುವಂತಿಲ್ಲ, ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು, ನೀವೇ ಬರೀರಿ ಎಂದು ಕಣ್ಣಲ್ಲೇ ಸನ್ನೆ ಮಾಡಿದರು. ಸೊನ್ನೆ ಹಾಕಿದ್ದ ಕೈಯಿಂದಲೇ ಪೂರ್ತಿ ಅಂಕ ಬರೆದು, ಅವಳ ಋಣ ತೀರಿಸಿಕೊಂಡೆ.