ಡಾಂಬರಿಗೂ ಸೈ, ಎರೆಗೂ ಸೈ

ದನದ ಡಾಕ್ಟರನಿಗೆ ದನಗಳಿಂದ ಆಗುವ ಫಜೀತಿ ಕಡಿಮೆ. ದನ ಇರುವ ಕಡೆ ಹೋಗಿ ಮುಟ್ಟುವುದರಲ್ಲೇ ಅರ್ಧ ಆಯುಷ್ಯ, ಮುಕ್ಕಾಲು ಮರ್ಯಾದೆ ಹೋಗುತ್ತದೆ. ಖರೇ ಹೇಳಬೇಕೆಂದರೆ ನಾನು ಡಾಕ್ಟರನೂ ಅಲ್ಲ, ಪಶು ಇಲಾಖೆಯ ಇನ್‌ಸ್ಪೆಕ್ಟರ್. ಆದರೆ ನಮ್ಮ ಕಡೆ ಸೂಜಿ ಹಿಡಿದವರೆಲ್ಲ ಡಾಕ್ಟರೇ. ಮಂದಿ ಪ್ರೀತಿಯಿಂದ ಕೊಟ್ಟ ಪದವಿ, ಬೇಡ ಅನ್ನಲು ನಾನು ಯಾರು?

ನೌಕರಿ ಸೇರಿದ ಮೇಲೆ ಕುಷ್ಟಗಿ, ಯಲಬುರ್ಗಾ, ಗಂಗಾವತಿ ಎಲ್ಲ ಸುತ್ತಿ ಈಗ ಕೊಪ್ಪಳದಲ್ಲಿ ಮನೆ ಮಾಡಿದ್ದೇನೆ. ಕುಷ್ಟಗಿ ಕಡೆ ಕೆಂಪು ನೆಲದ ಕಲ್ಲು, ಗಂಗಾವತಿ ಕಡೆ ಭತ್ತದ ಗದ್ದೆಯ ಕೆಸರು, ಕುಕನೂರು ಕಡೆ ಎರೆ, ಅಂದರೆ ಕಪ್ಪು ಜಿಗಟು ಮಣ್ಣು. ನಡುನಡುವೆ ಕನ್ನಡಿಯಂಥ ಹೈವೇ. ಇಷ್ಟಕ್ಕೆಲ್ಲ ಇದ್ದದ್ದು ಒಂದೇ ಒಂದು ಹಳೆಯ ಸಣ್ಣ ಮೋಟರ್‌ಸೈಕಲ್. ಅದನ್ನು ಬದಲಿಸಬೇಕೆಂದು ಹೊರಟಾಗ ನಡೆದ ಪ್ರಸಂಗಗಳು ಇವು. ಓದುವ ಮೊದಲು ಒಂದು ಮಾತು ತಿಳಿದಿರಲಿ, ನನ್ನ ಎತ್ತರ ಐದು ಅಡಿ ಒಂದು ಇಂಚು. ಆ ಒಂದು ಇಂಚು ಬೂಟಿನದು.

ಹಗ್ಗ ಹಾಕಿ ಜಗ್ಗಿದ್ದು

ಮಳೆಗಾಲದ ಒಂದು ಮುಂಜಾನೆ ಕುಕನೂರಿನ ಆಚೆಯ ಹಳ್ಳಿಯ ರೈತರೊಬ್ಬರು ಫೋನ್ ಮಾಡಿದರು. "ಸಾಹೇಬ್ರ, ಆಕಳ ಈಯಾಕ ಹತ್ತೈತಿ, ಕರ ಅಡ್ಡ ಸಿಕ್ಕೊಂಡಂಗ ಕಾಣಸ್ತೈತಿ, ಲಗೂನ ಬರ್ರಿ" ಎಂದರು. ಆಕಳು ಇದ್ದದ್ದು ಹೊಲದ ಮನೆಯಲ್ಲಿ. ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದೆ.

ಎರೆ ಮಣ್ಣಿನ ಗುಣ ನಮ್ಮವರಿಗೆ ಗೊತ್ತು. ಒಣಗಿದರೆ ಕಲ್ಲು, ನೆನೆದರೆ ನೆಂಟ. ಬಂದು ಹಿಡಿದುಕೊಂಡರೆ ಬಿಡುವ ಮಾತಿಲ್ಲ. ನನ್ನ ಗಾಡಿಯ ಮುಂದಿನ ಮಡ್‌ಗಾರ್ಡಿಗೂ ಗಾಲಿಗೂ ನಡುವೆ ಎರಡು ಬೆರಳಿನ ಸಂದು. ಆ ಸಂದಿನಲ್ಲಿ ಮಣ್ಣು ಗಚ್ಚಿನಂತೆ ತುಂಬಿ ಗಾಲಿ ತಿರುಗುವುದೇ ನಿಂತಿತು. ಕಡ್ಡಿ ಹಿಡಿದು ಕೆರೆದೆ. ಎರಡು ಮಾರು ಹೋಯಿತು, ಮತ್ತೆ ತುಂಬಿತು. ಮತ್ತೆ ಕೆರೆದೆ. ಹೀಗೆ ನಾನು ಗಾಡಿಗೆ ಕ್ಷೌರ ಮಾಡುತ್ತಿರುವುದನ್ನು ದೂರದಿಂದ ನೋಡಿದ ರೈತರು ಎತ್ತು ಹೊಡೆದುಕೊಂಡು ಬಂದರು. ಮುಂದಿನ ಗಾಲಿಯ ಮೇಲಕ್ಕೆ ಹಗ್ಗ ಬಿಗಿದರು. "ಹಾಂ, ಜಗ್ಗು! ಸಾವಕಾಶ! ತಲಿ ನೆಟ್ಟಗ ಹಿಡಿ!" ಎಂದು ಅವರ ಆಳುಗಳಿಬ್ಬರು ಹಿಂದಿನಿಂದ ನೂಕಿದರು.

ಅಂತೂ ಹೋಗಿ ಮುಟ್ಟಿದಾಗ ಕರು ಎದ್ದು ನಿಂತು ತಾಯಿಯ ಮೊಲೆಗೆ ಬಾಯಿ ಹಾಕಿತ್ತು. ನನಗೆ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ಕರು ನಿಜಕ್ಕೂ ಅಡ್ಡ ಸಿಕ್ಕಿದ್ದರೆ ನನ್ನನ್ನು ನಂಬಿದ ಆ ಮೂಕ ಪ್ರಾಣಿಯ ಗತಿ ಏನಾಗುತ್ತಿತ್ತು? ಗಾಡಿ ಬದಲಿಸಲೇಬೇಕು ಎಂದು ಅಂದೇ ನಿಶ್ಚಯ ಮಾಡಿದೆ.

ಮರುದಿನ ಕುಕನೂರು ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಅದೇ ರೈತರು ನಾಲ್ಕು ಮಂದಿಗೆ ವರದಿ ಒಪ್ಪಿಸುತ್ತಿದ್ದರು. "ಆಕಳ ತನ್ನಷ್ಟಕ್ಕ ತಾನ ಈತು ನೋಡ್ರಿ. ಹಗ್ಗ ಹಾಕಿ ಜಗ್ಗಿದ್ದು ಡಾಕ್ಟರ್ ಗಾಡಿನ!"

ಆಫ್ ರೋಡ್

ಗೆಳೆಯರು ಕೊಟ್ಟ ಸಲಹೆ ಏನೆಂದರೆ, ಈಗ ಡಾಂಬರಿಗೂ ಸೈ, ಹೊಲಕ್ಕೂ ಸೈ ಅನ್ನುವ ಎತ್ತರದ ಗಾಡಿಗಳು ಬಂದಿವೆ, ಮುಂದಿನ ಮಡ್‌ಗಾರ್ಡ್ ಗಾಲಿಯಿಂದ ಮೊಳ ಮೇಲಿರುತ್ತದೆ, ಎರೆ ಎಷ್ಟು ಬೇಕಾದರೂ ಬಂದು ಹೋಗಲಿ, ಅದಕ್ಕೆ ಲಕ್ಷ್ಯವೇ ಇಲ್ಲ ಎಂದು. ಮನೆಗೆ ಬಂದು ಊಟಕ್ಕೆ ಕೂತಾಗ ವಿಷಯ ತೆಗೆದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹೆಂಡತಿ ಬಡಿಸುತ್ತಿದ್ದಳು.

"ಆನ್ ರೋಡ್, ಆಫ್ ರೋಡ್, ಎರಡಕ್ಕೂ ಆಗೋ ಗಾಡಿ" ಎಂದು ಬಲು ಹುರುಪಿನಿಂದ ಹೇಳಿದೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಆನ್ ರೋಡ್ ಅಂದ್ರೇನೋ?"

"ರೋಡಿನ ಮ್ಯಾಲ ಛಲೋ ಓಡೋದವ್ವ."

"ಆಫ್ ರೋಡ್ ಅಂದ್ರ, ರೋಡಿನ ಮ್ಯಾಲ ಆಫ್ ಆಗೋದು?"

ನಾನು ಬಾಯಲ್ಲಿನ ತುತ್ತು ನುಂಗಿ ಉತ್ತರ ಹೇಳುವಷ್ಟರಲ್ಲಿ ಅವಳೇ ತೀರ್ಪು ಕೊಟ್ಟಳು. "ಅಂಥಾದ್ದು ಈಗ ಒಂದ ಐತಲ್ಲೋ ನಮ್ಮನ್ಯಾಗ! ಮತ್ತೊಂದ್ಯಾಕ?"

ಹೆಂಡತಿ ಸಾರಿನ ಪಾತ್ರೆ ಕೆಳಗಿಟ್ಟು ನಕ್ಕಳು. ನಕ್ಕು ಮುಗಿಸಿ ಗಂಭೀರಳಾದಳು. ಅವಳು ನಕ್ಕಾಗ ಹೆದರಿಕೆ ಇಲ್ಲ, ಗಂಭೀರಳಾದಾಗ ಇದೆ. ಅವಳು ಕಿನ್ನಾಳದ ಆಚೆ ಒಂದು ಹಳ್ಳಿಯ ಸರ್ಕಾರಿ ಸಾಲೆಯಲ್ಲಿ ಟೀಚರ್. ದಿನಾ ಮುಂಜಾನೆ ಅವಳನ್ನು ಬಿಟ್ಟೇ ನಾನು ಕೆಲಸಕ್ಕೆ ಹೋಗಬೇಕು.

"ನೋಡ್ರಿ" ಎಂದಳು, "ನೀವು ಹೊಲದಾಗರೆ ಹೋಗ್ರಿ, ಗುಡ್ಡಾನರೆ ಹತ್ರಿ. ನಾ ಸೀರಿ ಉಟ್ಟು, ಬ್ಯಾಗ್ ಹಿಡಕೊಂಡು, ಮಂದಿ ನಗದಂಗ ಹತ್ತಬೇಕು, ಇಳೀಬೇಕು. ಅದಾದ್ರ ಆ ಗಾಡಿ ತಗೋರಿ. ನನ್ನ ಮರ್ಯಾದಿ ಹೋತು ಅಂದ್ರ ಸುಮ್ಮನ ಸ್ಕೂಟರ್ ತರೋದು."

ಸ್ಕೂಟರ್! ಗೇಣುದ್ದದ ಗಾಲಿ ಇಟ್ಟುಕೊಂಡು ಎರೆ ಹೊಲಕ್ಕೆ ಹೋದರೆ ಎತ್ತಲ್ಲ, ಟ್ರ್ಯಾಕ್ಟರೇ ಬೇಕು. ಅವ್ವ ಮಾತ್ರ ಸೊಸೆಯ ಕಡೆ ಮೆಚ್ಚಿ ನೋಡಿ, "ಖರೇ ಐತವಾ, ಆಫ್ ಆಗೋದಿದ್ರ ಸಣ್ಣದ ಛಲೋ. ನೂಕಾಕ ಹಗರ" ಎಂದಳು.

ನೆಲದ ತಪ್ಪು

ಕೊಪ್ಪಳದ ಶೋರೂಮಿನಲ್ಲಿ ಮಾರಾಟ ಮಾಡುವ ತರುಣ ನನ್ನನ್ನು ನೋಡಿದ್ದೇ ಓಡಿ ಬಂದ. ಅವರ ಮನೆಯ ಎಮ್ಮೆಗಳಿಗೆ ನಾನೇ ಡಾಕ್ಟರ್. ಮೊದಲು ಒಂದು ಗಾಡಿ ತೋರಿಸಿದ. ಮೈಯೆಲ್ಲ ಸಪೂರ, ಗಾಲಿಗೆ ಗಂಟುಗಂಟು ಟೈರು, ನೋಡಿದರೆ ಗುಡ್ಡ ತಾನೇ ದಾರಿ ಬಿಡಬೇಕು.

"ಇದು ಪಕ್ಕಾ ಗುಡ್ಡದ ಗಾಡಿರಿ ಸರ. ಎಲ್ಲಿ ಬೇಕಲ್ಲಿ ನುಗ್ತೈತಿ."

"ಹಿಂದ ಸೀಟ ಇಲ್ಲಲ್ಲೋ! ಮನಿಯವರ್ನ ಎಲ್ಲಿ ಕೂಡಸ್ಲಿ?"

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಭಾಳ ಮಂದಿ ಅದಕ್ಕ ತಗೋತಾರ್ರಿ."

ನನ್ನ ಮನೆಯ ಪರಿಸ್ಥಿತಿ ಹಾಗಿಲ್ಲ ಎಂದು ತಿಳಿಸಿದೆ. ಎರಡನೆಯದು ಪೂರಾ ರೋಡಿನದು, ನುಣ್ಣನೆಯ ಟೈರು. ಎರೆ ಕಂಡರೆ ಅದೂ ನನ್ನ ಹಳೇ ಗಾಡಿಯ ತಮ್ಮನೇ. ಮೂರನೆಯದು ಎರಡಕ್ಕೂ ಆಗುವಂಥದ್ದು. ಹದ್ದಿನ ಕೊಕ್ಕಿನಂತೆ ಮೇಲೆ ನಿಂತ ಮಡ್‌ಗಾರ್ಡ್, ಇಬ್ಬರಿಗೆ ಸೀಟು, ಎಡಕ್ಕೆ ಸೀರೆ ಸಿಕ್ಕಿಕೊಳ್ಳದಂತೆ ಜಾಲರಿ. ನೋಡಿದ ಕೂಡಲೇ ಮನಸ್ಸು ಹೋಯಿತು. ಒಂದೇ ನೆಗೆತಕ್ಕೆ ಹತ್ತಿ ಕೂತೆ.

ಕೂತ ಮೇಲೆ ಗೊತ್ತಾಯಿತು, ನನ್ನ ಎರಡೂ ಕಾಲು ಗಾಳಿಯಲ್ಲಿವೆ. ಎಡಕ್ಕೆ ವಾಲಿದರೆ ಎಡಗಾಲಿನ ಹೆಬ್ಬೆರಳು ಮಾತ್ರ ನೆಲ ಮುಟ್ಟುತ್ತದೆ, ಆಗ ಬಲಗಾಲು ಶೋರೂಮಿನ ಫ್ಯಾನಿನ ಕಡೆ ಹೊರಡುತ್ತದೆ. ಅಲ್ಲಿದ್ದ ಗಿರಾಕಿಗಳು ಚಹಾದ ಕಪ್ಪು ಅಡ್ಡ ಹಿಡಿದು ನಗು ಮುಚ್ಚಿಕೊಂಡರು.

"ನಾ ಗಿಡ್ಡ ಆದ್ನೇನೋ ಇದಕ್ಕ?" ಎಂದು ಮೆಲ್ಲಗೆ ಕೇಳಿದೆ.

ಎಮ್ಮೆಯ ಋಣ ದೊಡ್ಡದು. ಅವನು ಒಂದು ಗಳಿಗೆಯೂ ತಡವರಿಸಲಿಲ್ಲ. "ಛೇ ಛೇ, ನೀವೆಲ್ಲಿ ಗಿಡ್ಡರಿ ಸರ! ನಮ್ಮ ಟೈಲ್ಸ್ ಕೂಡಸೋ ಮಂದಿನ ನೆಲ ಭಾಳ ಕೆಳಗ ಹಾಕ್ಯಾರ್ರಿ."

ಎರಡು ದಿನ ಓಡಿಸಿ ನೋಡಿರೆಂದು ಶೋರೂಮಿನವರು ತಿರುಗಾಡಿಸಲು ಇಟ್ಟಿದ್ದ ಗಾಡಿಯನ್ನೇ ಕೊಟ್ಟು ಕಳಿಸಿದ.

ಎಷ್ಟು ಕೊಡ್ತೈತಿ?

ಮೊದಲ ದಿನ ಇರಕಲ್ಲಗಡದ ಕಡೆ ಹೋದೆ. ಕಲ್ಲಿನ ದಾರಿಯಲ್ಲಿ ಗಾಡಿ ಮೇಕೆಯಂತೆ ಹತ್ತಿತು. ನಡುವೆ ಎಲ್ಲಿಯೂ ನಿಲ್ಲಿಸದಿದ್ದರೆ ನನ್ನಂಥ ಸವಾರ ಇನ್ನೊಬ್ಬನಿಲ್ಲ. ನಿಲ್ಲಿಸಬೇಕಾದಾಗ ಮಾತ್ರ ಕಲ್ಲು, ಒರಳು, ಕಟ್ಟೆ ಹುಡುಕಿ ಅದರ ಪಕ್ಕಕ್ಕೇ ಹೋಗಿ ಕಾಲು ಊರಬೇಕು.

ಒಂದು ಹಟ್ಟಿಯ ಮುಂದೆ ಹೀಗೇ ಗಾಡಿ ನಿಲ್ಲಿಸಿ, ಒಳಗೆ ಗಬ್ಬದ ಎಮ್ಮೆಯನ್ನು ಪರೀಕ್ಷೆ ಮಾಡುತ್ತಿದ್ದೆ. ಕೈ ಮೊಣಕೈವರೆಗೆ ಎಮ್ಮೆಯ ಒಳಗಿತ್ತು. ಹೊರಗೆ ಯಾರೋ ಹಿರಿಯರ ದನಿ ಕೇಳಿತು. "ಸಾಹೇಬ್ರ, ಎಷ್ಟ ಕೊಡ್ತೈತ್ರಿ ಇದು?"

ಎಮ್ಮೆಯ ಒಡೆಯ ಸ್ವಲ್ಪ ಮುಂಚೆಯಷ್ಟೇ ನನಗೆ ಹಾಲಿನ ಲೆಕ್ಕ ಹೇಳಿದ್ದ. ನಾನು ಒಳಗಿನಿಂದಲೇ ಕೂಗಿದೆ. "ಹೋದ ಸೂಲಿನ್ಯಾಗ ಹೊತ್ತಿಗೆ ಐದು ಕೊಟ್ಟೈತ್ರಿ. ಹಿಂಡಿ ಹಾಕಿದ್ರ ಆರು!"

ಹೊರಗಿನಿಂದ ಮತ್ತೆ ಅದೇ ದನಿ, "ಹಿಂಡಿ ಹಾಕಬೇಕೇನ್ರಿ?"

"ಹಾಕಬೇಕ್ರಿ ಮತ್ತ! ಹಿಂಡಿ ಇಲ್ದ ಹೆಂಗ ಕೊಡ್ತೈತಿ?"

ಕೈ ತೊಳೆದು ಹೊರಗೆ ಬಂದಾಗ ಆ ಹಿರಿಯರು ಇರಲಿಲ್ಲ. ಊರ ಚಹಾ ಅಂಗಡಿಗೆ ಬಂದರೆ ಕಟ್ಟೆಯ ಮೇಲೆ ಹತ್ತು ಮಂದಿ ಕೂತು ನನ್ನ ಗಾಡಿಯನ್ನೇ ದಿಟ್ಟಿಸಿ ನೋಡುತ್ತಿದ್ದಾರೆ. ಒಬ್ಬರು ಬಗ್ಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಮೂಸಿದರು. ಅಂಗಡಿಯವನು ಚಹಾ ಕೊಡುತ್ತ ಕೇಳಿದ.

"ಸಾಹೇಬ್ರ, ಪೆಟ್ರೋಲ್ ತುಟ್ಟಿ ಆಗೈತಿ, ಕಂಪನ್ಯವ್ರು ಛಲೋ ಮಾಡ್ಯಾರ ಬಿಡ್ರಿ. ಇದಕ್ಕ ಹತ್ತಿಕಾಳ ಹಿಂಡಿ ಹಾಕ್ತೀರೋ, ಶೇಂಗಾ ಹಿಂಡಿನೋ?"

ಹತ್ತುವುದು, ಇಳಿಯುವುದು

ಎರಡನೆಯ ದಿನ ನಿಜವಾದ ಪರೀಕ್ಷೆ. ಮುಂಜಾನೆ ಹೆಂಡತಿ ಗಂಜಿ ಹಾಕಿದ ಇಳಕಲ್ ಸೀರೆ ಉಟ್ಟು, ಬ್ಯಾಗು ತೂಗುಹಾಕಿಕೊಂಡು ಹೊರಗೆ ಬಂದಳು. ಗಾಡಿಯ ಎತ್ತರ ನೋಡಿ ಹುಬ್ಬು ಏರಿಸಿದಳು. ನಾನೇನು ದಡ್ಡನೇ? ಗಾಡಿಯನ್ನು ಮನೆ ಮುಂದಿನ ಕಟ್ಟೆಗೆ ತಾಗಿಸಿಯೇ ನಿಲ್ಲಿಸಿದ್ದೆ. ಅವಳು ಕಟ್ಟೆಯ ಮೇಲಿಂದ ಮಂಚದ ಮೇಲೆ ಕೂತಷ್ಟು ಸಲೀಸಾಗಿ ಎಡಕ್ಕೆ ಕಾಲು ಬಿಟ್ಟು ಕೂತಳು. ಹತ್ತುವುದರಲ್ಲಿ ಪಾಸ್! ನನ್ನ ಜೀವ ಅರ್ಧ ತಣ್ಣಗಾಯಿತು.

ಕಿನ್ನಾಳದ ದಾರಿಯಲ್ಲಿ ಅವಳಿಗೂ ಖುಷಿಯಾಯಿತು. "ಛಲೋ ಐತ್ರಿ, ಮಂದಿ ಕಂಪೌಂಡಿನ ಒಳಗಿಂದೆಲ್ಲಾ ಕಾಣಸ್ತೈತಿ" ಎಂದಳು. ಕಿನ್ನಾಳದಲ್ಲಿ ಬಾಗಿಲಿಗೆ ನೀರು ಹಾಕುತ್ತಿದ್ದ ಮುದುಕಿಯೊಬ್ಬಳು ನಮ್ಮನ್ನು ತಲೆಯೆತ್ತಿ ನೋಡಿ, "ಅವ್ವಾ, ಗೊಂಬಿ ಕುಂತಂಗ ಕುಂತಾಳ!" ಅಂದಳು. ಗೊಂಬೆ ಮಾಡುವ ಊರಿನವರು ಹಾಗೆ ಅಂದರೆ ಅದು ಸಣ್ಣ ಮಾತಲ್ಲ. ಹೆಂಡತಿ ಸೆರಗು ಸರಿ ಮಾಡಿಕೊಂಡಳು.

ಸಾಲೆಯ ಗೇಟಿಗೆ ಬಂದು ಬ್ರೇಕ್ ಹಿಡಿದೆ. ಆಗ ನೆನಪಾಯಿತು, ಇಲ್ಲಿ ಕಟ್ಟೆ ಇಲ್ಲ. ನನ್ನ ಹೆಬ್ಬೆರಳು ನೆಲ ಹುಡುಕಿತು. ಗಾಡಿ ವಾಲಿತು. ಹೆಂಡತಿ ನನ್ನ ಅಂಗಿಯ ಕಾಲರ್ ಹಿಡಿದಳು.

"ಬೀಳ್ತೈತಿ, ಬೀಳ್ತೈತಿ! ನಿಲ್ಲಿಸಬ್ಯಾಡ್ರಿ, ಹೊಡೀರಿ!"

ಹೊಡೆದೆ. ಗಾಡಿ ಗೇಟು ದಾಟಿ ಸಾಲೆಯ ಮೈದಾನದೊಳಕ್ಕೆ ನುಗ್ಗಿತು. ಅಲ್ಲಿ ಮುಂಜಾನೆಯ ಪ್ರಾರ್ಥನೆ ನಡೆದಿತ್ತು. ಮಕ್ಕಳು ಸಾಲಾಗಿ ನಿಂತು ಹಾಡುತ್ತಿದ್ದರು, ಹೆಡ್‌ಮಾಸ್ತರರು ಕಣ್ಣು ಮುಚ್ಚಿದ್ದರು. ನಾವು ಅವರನ್ನು ಒಂದು ಸುತ್ತು ಹಾಕಿದೆವು. ಮಕ್ಕಳು ಹಾಡು ಬಿಡಲಿಲ್ಲ, ಆದರೆ ಎಲ್ಲರ ತಲೆಯೂ ನಮ್ಮ ಜೊತೆಗೇ ತಿರುಗಿತು.

"ಎಲ್ಲರೆ ಕಟ್ಟಿ ನೋಡ್ರಿ!" ಎಂದು ಹೆಂಡತಿ ಹಲ್ಲು ಕಚ್ಚಿ ಅಂದಳು. ಇಡೀ ಮೈದಾನದಲ್ಲಿ ಇದ್ದದ್ದು ಒಂದೇ ಕಟ್ಟೆ, ಧ್ವಜದ ಕಂಬದ ಕಟ್ಟೆ. ಅದರ ಕಡೆ ಹೊರಳಿಸಿದೆ.

"ಬಲಕ್ಕ ಬಂತಲ್ರೀ! ನಾ ಎಡಕ್ಕ ಕುಂತೀನಿ!"

ಮತ್ತೊಂದು ಸುತ್ತು. ಈ ಸಲ ಕಟ್ಟೆ ಎಡಕ್ಕೇ ಬಂತು. ನಾನು ಕೆಳಗಿನ ಮೆಟ್ಟಿಲ ಮೇಲೆ ಕಾಲೂರಿದೆ. ಧ್ವಜದ ಕಟ್ಟೆಗೆ ಚಪ್ಪಲಿ ಕಾಲು ಇಡಬಾರದೆಂದು ಅವಳು ಕೂತಲ್ಲಿಂದಲೇ ಚಪ್ಪಲಿ ಕಳಚಿ ಬಿಟ್ಟಳು, ಮೆಲ್ಲಗೆ ಕಟ್ಟೆಯ ಮೇಲೆ ಇಳಿದಳು, ಬ್ಯಾಗು ಹೆಗಲಿಗೇರಿಸಿ, ಸೆರಗು ಹೊದ್ದು, ಮಕ್ಕಳ ಕಡೆ ತಿರುಗಿ ನಿಂತಳು. ಅದೇ ಹೊತ್ತಿಗೆ ಹಾಡೂ ಮುಗಿಯಿತು.

ಆ ಸಾಲೆಯ ಡ್ರಿಲ್ ಮಾಸ್ತರರ ಅನುಭವದಲ್ಲಿ ಆ ಕಟ್ಟೆಯ ಮೇಲೆ ಹತ್ತಿ ಮಕ್ಕಳ ಕಡೆ ಮುಖ ಮಾಡಿ ನಿಂತವರು ಮುಖ್ಯ ಅತಿಥಿಗಳು ಮಾತ್ರ. ಅವರ ಕೈ ತಾನಾಗಿಯೇ ಕೊರಳಲ್ಲಿನ ವಿಷಲ್‌ಗೆ ಹೋಯಿತು. "ಸಾವಧಾನ್!" ಎಂದು ಕೂಗಿದರು. "ಸೆಲ್ಯೂಟ್!" ಇಡೀ ಸಾಲೆ ಟಪ್ಪೆಂದು ಸೆಲ್ಯೂಟ್ ಹೊಡೆಯಿತು. ಆಗಷ್ಟೇ ಕಣ್ಣು ತೆರೆದ ಹೆಡ್‌ಮಾಸ್ತರರೂ ಗಡಿಬಿಡಿಯಲ್ಲಿ ಕೈ ಎತ್ತಿದರು. ಒಂದನೇ ಇಯತ್ತೆಯ ಸಾಲಿನಿಂದ ಒಂದು ಪುಟ್ಟ ದನಿ ಕೇಳಿತು. "ಸರ, ಇವತ್ತು ಮಿಠಾಯಿ ಕೊಡ್ತಾರೇನ್ರಿ?"

ನಾನು ಹಿಂದೆ ನೋಡದೆ ಗಾಡಿ ಓಡಿಸಿದೆ. ಮುಗಿಯಿತು, ಸ್ಕೂಟರೇ ಗತಿ. ಇನ್ನು ಎರೆ ಉಂಟು, ಎತ್ತು ಉಂಟು. ಆ ದಿನ ಒಂದು ಎಮ್ಮೆಗೂ ಸಮಾಧಾನದಿಂದ ಸೂಜಿ ಹಾಕಲಿಲ್ಲ.

ಸಂಜೆ ಸಾಲೆ ಬಿಡುವ ಹೊತ್ತಿಗೆ ಹೋದೆ. ಹೆಂಡತಿ ಮೊದಲೇ ಧ್ವಜದ ಕಟ್ಟೆಯ ಮೇಲೆ ಬರಿಗಾಲಲ್ಲಿ ನಿಂತಿದ್ದಳು. ಸುತ್ತಲೂ ಮಕ್ಕಳು ದಾರಿ ಬಿಟ್ಟು ಎರಡು ಸಾಲಾಗಿ ನಿಂತಿದ್ದರು. ಒಬ್ಬಳು ಹುಡುಗಿ ಅವಳ ಚಪ್ಪಲಿ ಹಿಡಿದಿದ್ದಳು. ಹೆಂಡತಿ ಹತ್ತಿ ಕೂತಳು. ಕಿನ್ನಾಳ ದಾಟಿದ ಮೇಲೆ ನಾನೇ ಮಾತು ತೆಗೆದೆ.

"ನಾಳೆ ಈ ಗಾಡಿ ಕೊಟ್ಟು ಸ್ಕೂಟರ್ ನೋಡಿ ಬರ್ತೀನಿ ಬಿಡು."

"ಯಾಕ್ರಿ?"

"ನಿನ್ನ ಮರ್ಯಾದಿ ಹೋತಲ್ಲ."

"ಯಾರ ಅಂದ್ರು? ಹದಿನಾರು ವರ್ಷ ಆತು ಈ ಸಾಲಿಗೆ ಬಂದು. ನಿಮ್ಮ ಗಿಡ್ಡ ಗಾಡಿ ಮ್ಯಾಲಿಂದ ಇಳಿದಾಗ ಒಂದ ಹುಡುಗಾನೂ ಹೊಳ್ಳಿ ನೋಡಿಲ್ಲ. ಇವತ್ತ ಹೆಡ್‌ಮಾಸ್ತರ ಸೈತ ಸೆಲ್ಯೂಟ್ ಹೊಡದ್ರು!" ಎಂದಳು. ಆಮೇಲೆ ನನ್ನ ಬೆನ್ನಿಗೆ ಬೆರಳಿಂದ ತಿವಿದು ಕೇಳಿದಳು.

"ಶೋರೂಮಿನ್ಯಾಗ ವಿಚಾರ್ಸ್ರಿ, ಇದಕ್ಕಿಂತ ಎತ್ತರದ್ದು ಇನ್ನೊಂದು ಐತೇನು?"